ಬಾಲ್ಕನಿಯ ಬೇರಿಂಗು, ದಿವಾದ ಲೋಕಲ್

ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ಮುಗಿಯುವುದರೊಳಗೆ ಒಪ್ಪಿಕೊಂಡವನು ನಾನು. ಒಂದು ಜೋಡಿ ಬೇರಿಂಗು ಆರಿಸಲು ಮಾತ್ರ ಮಳೆಗಾಲವಿಡೀ ಬೇಕಾಯಿತು. ಇದನ್ನು ಹೆಂಡತಿಯ ಎದುರು ಹೇಳಬಾರದಿತ್ತು. ಈಗ ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಇದನ್ನೂ ಬಡಿಸುತ್ತಾಳೆ.

ಐರೋಲಿಯ ನಮ್ಮ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಕೆಳಗೆ, ನಾನೇ ಕಟ್ಟಿದ ಮಿಲ್ಲಿಂಗ್ ಯಂತ್ರವೊಂದಿದೆ. ಮರ ಕೊರೆಯುವ ಅದರ ಅಲಗು ಸ್ಪಿಂಡಲ್ ಎಂಬ ದಂಡದ ತುದಿಯಲ್ಲಿ ಭರ್ರನೆ ತಿರುಗುತ್ತದೆ. ಆ ದಂಡವನ್ನು ಅಲುಗದಂತೆ ಹಿಡಿಯುವುದು ಬೇರಿಂಗಿನ ಕೆಲಸ. ನನ್ನ ಹಳೆಯ ಬೇರಿಂಗು ಹಿಡಿದದ್ದಕ್ಕಿಂತ ಕಿರುಚಿದ್ದೇ ಹೆಚ್ಚು. ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಸಾವಂತ್ ಸಾಹೇಬರು ಬಂದು, "ಗಣಪತಿ ಹೋನೇ ದೋ. ಫಿರ್ ಮೈ ಖುದ್ ಸುನೂಂಗಾ. ಆವಾಜ್ ಆಯಾ ತೋ ಮಶೀನ್ ಗೇಟ್ ಕೇ ಬಾಹರ್" ಎಂದರು. ಹಬ್ಬ ಮುಗಿದ ಮೇಲೆ ಖುದ್ದಾಗಿ ಬಂದು ಕೇಳುತ್ತಾರಂತೆ, ಸದ್ದು ಬಂದರೆ ಯಂತ್ರ ಗೇಟಿನಾಚೆ. ಗಣಪತಿ ಮುಗಿಯುವವರೆಗೆ ಸದ್ದಿನ ಗುತ್ತಿಗೆ ಅವರದೇ ಆಗಿತ್ತು.

ಸಲಹೆಗೇನು ಬರವೇ? ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಸೆರಾಮಿಕ್ ಗುಂಡಿನ ಬೇರಿಂಗೇ ಆಗಬೇಕೆಂದರು. ಇನ್ನೊಬ್ಬರು, ಹಾಗೆನ್ನುವವರು ಯಂತ್ರವನ್ನೇ ಮುಟ್ಟಿದವರಲ್ಲ ಎಂದರು. ವರ್ತಕ ನಗರದಲ್ಲಿ ಹೋಟೆಲು ನಡೆಸುವ ನನ್ನ ಭಾವ, "ನಮ್ಮ ಗ್ರೈಂಡರಿಗೆ ಹಾಕುವುದೇ ಹಾಕು ಮಾರಾಯ. ಇಡ್ಲಿ ಹಿಟ್ಟು ನುಣ್ಣಗೆ ಬರುವುದಿಲ್ವಾ?" ಎಂದರು. ಕೊನೆಗೆ ಠಾಣೆಯ ಅಂಗಡಿಯವನು ಒಂದು ಜೋಡಿ ಕೊಟ್ಟು, "ಏ ಜೋಡೀ ಹೈ, ಅಲಗ್ ಮತ್ ಕರನಾ" ಎಂದು, ಜೋಡಿಯನ್ನು ಅಗಲಿಸಬಾರದೆನ್ನುವ ಪುರೋಹಿತನ ಗಾಂಭೀರ್ಯದಲ್ಲಿ ಹೇಳಿದ.

ಜೋಡಿ ಬೇರಿಂಗನ್ನು ನಟ್ಟು ಹಾಕಿ ಸ್ವಲ್ಪ ಬಿಗಿಯಬೇಕು. ಸ್ವಲ್ಪ ಎಂದರೆಷ್ಟು? ಬಲ್ಲವರೆಲ್ಲ ಈ ಮಾತಿಗೆ ಬಂದಾಗ ಬರೀ ಕೈಸನ್ನೆ ಮಾಡುತ್ತಾರೆ. ನಾನು ಯೋಚಿಸಿದೆ. ಮೊದಲು ದಿವಾ ಸ್ಟೇಷನ್ನಿನ ಹತ್ತಿರ ಇದ್ದಾಗ ಬೆಳಗಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಯಾವ ಹಿಡಿಕೆಯನ್ನೂ ಹಿಡಿಯದೆ ಅಲುಗದೆ ನಿಂತೇ ಪ್ರಯಾಣ ಮಾಡಿದವನು ನಾನು. ಮಧ್ಯಾಹ್ನದ ಖಾಲಿ ಗಾಡಿಯಲ್ಲಾದರೆ ಚೀಲದೊಳಗಿನ ಬದನೆಕಾಯಿಯಂತೆ ಉರುಳಾಡಬೇಕು. ಅಂದಮೇಲೆ ಸ್ಥಿರತೆಯ ಗುಟ್ಟು ಇಕ್ಕಟ್ಟು. ಬೆಳಗಿನ ದಿವಾದ ಲೆಕ್ಕದಲ್ಲೇ ನಟ್ಟನ್ನು ಬಿಗಿದೆ.

ಗಣಪತಿ ಮುಗಿದು ಸಾಹೇಬರ ಪರೀಕ್ಷೆಯ ದಿನ ಯಂತ್ರ ಮೊದಲು ಮೆಲ್ಲಗೆ ಗುನುಗಿತು. ಆಮೇಲೆ ಕಾದಿತು. ಸುಟ್ಟ ಗ್ರೀಸಿನ ವಾಸನೆ ಬಂದು, ದಂಡ ಕಚ್ಚಿ ನಿಂತು, ಫ್ಯೂಸೂ ಹಾರಿತು. ಅಷ್ಟರಲ್ಲೇ ಸಾಹೇಬರು ಬೆಲ್ ಮಾಡಿದರು. ಯಂತ್ರದ ಹತ್ತಿರ ಕಿವಿಯಿಟ್ಟು, "ಸ್ವಿಚ್ ಆನ್ ಹೈ?" ಎಂದರು. ಆನ್ ಇತ್ತು, ಹೌದೆಂದೆ. "ಬಹುತ್ ಬಢಿಯಾ" ಎಂದು ಬೆನ್ನು ತಟ್ಟಿ, ಅಲ್ಲೇ ಅನುಮತಿ ಬರೆದುಕೊಟ್ಟರು.

ನನಗೆ ಅಳು ಬರುವುದೊಂದು ಬಾಕಿ. ಹೆಂಡತಿ ನನ್ನ ದಿವಾದ ಲೆಕ್ಕ ಕೇಳಿ, ಸುಟ್ಟ ಬೇರಿಂಗನ್ನು ಅಂಗೈಯಲ್ಲಿಟ್ಟು ನೋಡಿ, "ದಿವಾ ಬಿಟ್ಟು ಇಷ್ಟು ವರ್ಷ ಆಯ್ತು, ನೀವು ಇನ್ನೂ ಆ ರೈಲಿನ ಡಬ್ಬಿಯಿಂದ ಇಳಿದಿಲ್ಲ. ಅದಕ್ಕೂ ಉಸಿರಾಡ್ಲಿಕ್ಕೆ ಸ್ವಲ್ಪ ಜಾಗ ಬಿಡಿ ಮಾರಾಯ್ರೆ" ಎಂದಳು.

ಹೊಸ ಜೋಡಿ ತಂದೆ. ನಟ್ಟನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಲು ಬೆರಳುಗಳು ಒಪ್ಪುತ್ತಿರಲಿಲ್ಲ. ಬಿಟ್ಟರೆ ಯಾರೋ ಲೋಕಲಿನ ಬಾಗಿಲಿನಿಂದ ಬಿದ್ದೇಬಿಡುತ್ತಾರೆ ಎನಿಸುತ್ತಿತ್ತು. ಕೊನೆಗೂ ತಿರುಗಿಸಿದೆ. ಯಂತ್ರ ಈಗ ಓಡುತ್ತದೆ, ಪಕ್ಕದ ಮನೆಯ ಮಿಕ್ಸರಿನಷ್ಟೇ ಸದ್ದಿನಲ್ಲಿ.

ಸಾಹೇಬರು ಮತ್ತೆ ಬಂದರು. "ಪೆಹಲೇ ಅಚ್ಛಾ ಥಾ" ಎಂದು, ಮೊದಲೇ ಚೆನ್ನಾಗಿತ್ತೆಂಬಂತೆ ಮುಖ ಸಿಂಡರಿಸಿದರು.

"ಪೆಹಲೇ ಮರಾ ಹುವಾ ಥಾ, ಭಾಯಿಸಾಬ್" ಎಂದು, ಆಗ ಅದು ಸತ್ತುಹೋಗಿತ್ತು ಎಂಬ ಸತ್ಯದ ಜೊತೆ ಹೆಂಡತಿ ಚಹಾ ಕೊಟ್ಟಳು.

ಕೊಟ್ಟ ಅನುಮತಿ ಹಿಂತೆಗೆಯಲು ಸೊಸೈಟಿಯ ಮೀಟಿಂಗು ಕರೆಯಬೇಕಂತೆ. ನಮ್ಮ ಮೀಟಿಂಗಿಗೆ ಯಾರೂ ಬರುವುದಿಲ್ಲ. ಅಲ್ಲಿಯವರೆಗೆ ಯಂತ್ರವೂ ನಾನೂ ಸ್ವಲ್ಪ ಸಡಿಲವಾಗಿ, ಸ್ವಲ್ಪ ಸದ್ದು ಮಾಡುತ್ತ ಬದುಕಿಕೊಂಡಿದ್ದೇವೆ.