ಎಂಜಿನ್ ಬದಲಿಸುವ ತಹಸೀನ್

ನವಲಗುಂದದ ತಹಸೀನ್‌ಗೆ ಕಂಪ್ಯೂಟರ್ ಆಟ ಕಟ್ಟುವ ಹುಚ್ಚು; ಆದರೆ ಆಟ ಕಟ್ಟುವ ತಂತ್ರಾಂಶ, ಅಂದರೆ ಎಂಜಿನ್, ಒಂದೂ ಅವಳ ಕೈಯಲ್ಲಿ ತಿಂಗಳು ಬಾಳಿದ್ದಿಲ್ಲ. ಯೂನಿಟಿ ಇಳಿಸಿಕೊಂಡಳು, ಅಳಿಸಿದಳು. ಗೋಡೋ ಇಳಿಸಿಕೊಂಡಳು, ಅದನ್ನೂ ಅಳಿಸಿದಳು. ಪ್ರತಿಸಲವೂ "ಇದು ಅಗದಿ ಚಲೋ ಐತಿ, ಇದನ್ನ ಬಿಡೂದಿಲ್ಲ" ಎನ್ನುವಳು. "ಯಾವುದಾರ ಒಂದ ಹಿಡಿಯಬೇ, ಸೀರಿ ಆರಿಸಿದಂಗ ಮಾಡತಿ" ಎಂದು ಗೆಳತಿ ಸುಧಾರಾಣಿ ಬೈದರೆ, ನಕ್ಕು ಮತ್ತೊಂದರ ಮೊದಲ ಪಾಠ ಹಚ್ಚುವಳು. ಎಂಜಿನ್ ಯಾವುದಾದರೂ ಅವಳು ಕಟ್ಟುವುದು ಒಂದೇ ಆಟ: ತೀರಿಹೋದ ತಾಯಿ ಹಲೀಮಾಬಿ ಜಮಖಾನದಲ್ಲಿ ನೇಯ್ದಿದ್ದ ಪಗಡೆ ಹಾಸು. ತಾಯಿ ಮಗಳು ಅದರ ಮೇಲೆ ಅರ್ಧಕ್ಕೆ ಬಿಟ್ಟ ಕೊನೆಯ ಆಟದ ಕಾಯಿಗಳನ್ನು ಆಯಾ ಮನೆಯಲ್ಲೇ ಇಡುವಳು. ಮುಂದೆ ಎದುರಾಳಿಯ ಕಾಯಿಯನ್ನು ಕಂಪ್ಯೂಟರೇ ನಡೆಸುವ ಪಾಠ. ಅಲ್ಲಿಗೆ ಬಂದೊಡನೆ ಎಂಜಿನ್ ಅಳಿಸಿಬಿಡುವಳು. ಆಸ್ಪತ್ರೆಗೆ ಹೊರಟ ಹಲೀಮಾಬಿ ಹೊಸ್ತಿಲಲ್ಲಿ ನಿಂತು ಹೇಳಿದ್ದಳು: "ಪಾಳಿ ನಂದೈತಿ, ಬಂದ ದಾಳ ಒಗಿತೇನಿ. ಕಾಯಿ ಯಾರೂ ಮುಟ್ಟಬ್ಯಾಡ್ರಿ."