ಜಗಳದ ಬದುವಿನ ಕಾಡು ತೊಗರಿ

"ಆ ಬಳ್ಳಿ ಇನ್ನ ಸಿಗಂಗಿಲ್ಲ. ಬರದಿಟ್ಕೋ" ಎಂದವರು ನಮ್ಮ ಕಾಕಾ, ಅಪ್ಪನ ಖಾಸಾ ತಮ್ಮ. ಠಾಣಾ ಕುಶನೂರಿನ ಅಂಗಳದಲ್ಲಿ ಕುಳಿತು, ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ, ತೀರ್ಪು ಕೊಟ್ಟುಬಿಟ್ಟರು.

ನಾನು ಹುಡುಕುತ್ತಿದ್ದದ್ದು ಕಾಡು ತೊಗರಿ. ನಾವು ಬೇಳೆ ಮಾಡುವ ತೊಗರಿಯ ಕಾಡಿನ ಬಳಗ. ನೆಲಕ್ಕೆ ಹಬ್ಬುವ ತೆಳ್ಳನೆ ಬಳ್ಳಿ, ಮೂರು ಮೂರು ಎಲೆ, ಮೈತುಂಬ ಕೂದಲಿರುವ ಪುಟ್ಟ ಕಾಯಿ. ಬೇಯಿಸಿ ಉಣ್ಣಲು ಬರುವುದಿಲ್ಲ, ಬಜಾರಿಗೆ ಒಯ್ಯಲೂ ಬರುವುದಿಲ್ಲ.

ಮತ್ತೆ ಯಾಕೆ ಬೇಕು?

ಹೊಲದ ತೊಗರಿಯನ್ನು ಹಾಳು ಮಾಡುವ ಕಾಯಿಕೊರಕ ಹುಳ ಇದರ ತಂಟೆಗೆ ಸುಲಭಕ್ಕೆ ಬರುವುದಿಲ್ಲ. ಆ ಗಟ್ಟಿತನವನ್ನು ನಾಳೆ ಹೊಸ ತಳಿಗೆ ತರಬೇಕೆಂದರೆ ಇದರ ಬೀಜ ಎಲ್ಲಾದರೂ ಜೀವಂತ ಇರಬೇಕಲ್ಲ? ಅದಕ್ಕೇ ಬೀಜ ಬ್ಯಾಂಕು. ಒಣಗಿಸಿ, ಪಾಕೀಟಿನಲ್ಲಿ ಮುಚ್ಚಿ, ಬರ್ಫಕ್ಕಿಂತ ತಣ್ಣಗಿನ ಕೋಣೆಯಲ್ಲಿ ಇಡುತ್ತಾರೆ. ನಮ್ಮ ಬೀದರ್ ಸೀಮೆಯ ಕಾಡು ತೊಗರಿ ಅವರಲ್ಲಿ ಇರಲಿಲ್ಲ. "ನಾನು ತಂದುಕೊಡುತ್ತೇನೆ" ಎಂದು ಹೇಳಿ ಬಂದಿದ್ದೆ.

ಹೇಳದೆ ಇರುತ್ತೇನೆಯೇ? ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಅದೂ ಸಸ್ಯಶಾಸ್ತ್ರದ್ದು. ("ಕಸ ಕೀಳೋದ್ ಬಿಟ್ಟು ಕಸ ಓದ್ಲತ್ತಾಳ" ಎಂದು ಓಣಿ ನಕ್ಕಿತ್ತು. ನಗಲಿ. ಬೀದರ್ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಪಾಸಾದವಳು ನಾನು.) ಮೇಲಾಗಿ, ಆ ಬಳ್ಳಿ ಎಲ್ಲಿದೆ ಎಂದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು.

ಒಂದು ಕಡೆ ಅಪ್ಪನ ಹೊಲ, ಇನ್ನೊಂದು ಕಡೆ ಕಾಕಾನ ಹೊಲ. ನಡುವೆ ಬದು. ಅದು ಯಾರದು ಎಂಬುದೇ ಜಗಳ. ನಮ್ಮ ಕಡೆ ಎಲ್ಲೂ ಬರೆದಿಡದ ಒಂದು ಕಾಯ್ದೆ ಇದೆ: ಜಗಳದ ಬದುವಿಗೆ ಕುಡಗೋಲು ಹಚ್ಚಬಾರದು. ಮೊದಲು ಹಚ್ಚಿದವನು ಬದು ಒತ್ತಿದ ಎಂದೇ ಲೆಕ್ಕ. ಹಾಗಾಗಿ ಅಪ್ಪ ಮುಟ್ಟಲಿಲ್ಲ, ಕಾಕಾನೂ ಮುಟ್ಟಲಿಲ್ಲ. ಹೊಲ ಎರಡೂ ಅಂಗೈ ಹಾಗೆ ಸ್ವಚ್ಛ. ಬದು ಮಾತ್ರ ಕಾಡು. ಅಲ್ಲಿ ಕಾಡು ತೊಗರಿ ಹಾಯಾಗಿ ಹಬ್ಬಿತ್ತು.

ಎಳ್ಳಮಾಸಿಗೆ, ಅಂದರೆ ಹೊಲಕ್ಕೇ ಹೋಗಿ ಉಣ್ಣುವ ಎಳ್ಳು ಅಮಾವಾಸ್ಯೆಗೆ, ಎರಡೂ ಮನೆಯವರು ಬದುವಿನ ಆಚೀಚೆ ಬೆನ್ನು ಹಾಕಿ ಉಣ್ಣಲು ಕೂಡುತ್ತಿದ್ದೆವು. ಅಪ್ಪ ಆಕಾಶಕ್ಕೆ ಹೇಳುವವನಂತೆ ಕೂಗುತ್ತಿದ್ದ: "ಭಜ್ಜಿ ಭಾಳ ಉಳದದ. ಯಾರರೆ ಮನಷ್ಯಾರ ಇದ್ರ ಕೊಡ್ರಿ."

ಆ ಕಡೆಯಿಂದ ಕಾಕಾ: "ಮನಷ್ಯಾರ ಕೊಟ್ರ ತಿಂತೇವಿ."

ಅವ್ವ ನಗುತ್ತ ಬಟ್ಟಲು ದಾಟಿಸುತ್ತಿದ್ದಳು. ಕಾಳು, ಸೊಪ್ಪು ಕೂಡಿಸಿ ಕುದಿಸಿದ ಆ ಭಜ್ಜಿಯ ರುಚಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಅಪ್ಪ ಈಗಿಲ್ಲ. ಬೀಜಕ್ಕೆಂದು ಈ ಸಲ ಹೊಲಕ್ಕೆ ಹೋಗಿ ನೋಡುತ್ತೇನೆ, ಬದು ಬೋಳು! ಕಾಕಾ ಕಸದ ಔಷಧ ಹೊಡೆದು ಸುಟ್ಟಿದ್ದರು.

"ಯಾಕ ಕಾಕಾ?"

"ಯಾಕಂದ್ರ? ಬ್ಯಾಡ ಅನ್ನೂರು ಯಾರ ಉಳದಾರ?" ಎಂದರು. ಬಳ್ಳಿ ಇನ್ನು ಸಿಗುವುದಿಲ್ಲ ಎಂದದ್ದು ಇದಾದ ಮೇಲೆ. ಆಮೇಲೆ ಎಮ್ಮೆಗೆ ಮೇವು ಹಾಕುವ ನೆಪದಲ್ಲಿ ಎದ್ದು ಹೋದರು.

ಬೀದರ್‌ಗೆ ಮರಳುವ ಬಸ್ಸಿನಲ್ಲಿ ನನಗೊಂದು ಹೊಳೆಯಿತು. ಹುಡುಕಬೇಕಾದದ್ದು ಗಿಡವನ್ನಲ್ಲ, ಜಗಳವನ್ನು! ಕೂಡಲೇ ಭಾಲ್ಕಿ ತಾಲೂಕಿನ ಮೆಹಕರದಲ್ಲಿರುವ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಫೋನು ಹಚ್ಚಿದೆ.

"ಅತ್ತಿ, ನಿಮ್ಮೂರಾಗ ಬದುವಿನ ಜಗಳ ಯಾರದರೆ ಅದಾ?"

"ಯಾರದರೆ ಯಾಕ? ನಮ್ಮದೇ ಅದ, ಬಾಜೂ ಹೊಲದವನ ಜೋಡಿ. ಯಾಕವ್ವ, ನಿನಗೂ ಬೇಕೇನು?"

ಭಾನುವಾರ ಸ್ಕೂಟಿ ತೆಗೆದೆ. ಸುದ್ದಿ ಕೇಳಿ ಊರಿಂದ ಬಂದಿದ್ದ ಕಾಕಾ ಹಿಂದೆ ಕೂತರು. "ನಾ ಅಕ್ಕನ್ನ ನೋಡ್ಲಾಕ ಬರ್ಲತ್ತೇನಿ. ನಿನ್ನ ಕಸಕ್ಕಲ್ಲ" ಎಂದು ಭಾಲ್ಕಿ ದಾಟುವವರೆಗೂ ಹೇಳಿದರು.

ಮೆಹಕರದ ಬದುವಿನ ಮೇಲೆ ಅದು ಇತ್ತು. ಮುಳ್ಳುಕಂಟಿ ತಬ್ಬಿಕೊಂಡು, ಹಳದಿ ಹೂ ಬಿಟ್ಟುಕೊಂಡು. ನನಗಿಂತ ಮೊದಲು ಕುಕ್ಕರುಗಾಲಲ್ಲಿ ಕೂತವರು ಕಾಕಾ. ಒಂದು ಕಾಯಿಯ ಮೈ ಸವರಿ, "ಇದೇ ಅಲ್ಲ ಪೋರಿ?" ಎಂದರು. ಹೂಂ ಎಂದು ನಾನೂ ಪಕ್ಕದಲ್ಲಿ ಕೂತೆ.

ಕಾಯಿ ಇನ್ನೂ ಹಸಿರು. ಒಣಗಿದ ಮೇಲೆ ಬರೋಣವೆಂದರೆ, ಒಣಗಿದೊಡನೆ ಸಿಡಿದು ಬೀಜ ಚೆಲ್ಲಾಪಿಲ್ಲಿ. ಅದಕ್ಕೆ ಕಾಯಿಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ಆದರೆ ಜಗಳದ ಬದುವಿನಲ್ಲಿ ಯಾರ ಅಪ್ಪಣೆಯಿಂದ ಕಟ್ಟುವುದು?

"ಕಟ್ಟವ್ವ. ಖರೇ ಅವನ್ನ ಕೇಳಬ್ಯಾಡ" ಎಂದರು ಅತ್ತೆಯ ಗಂಡ.

"ಕಟ್ರಿ ಮೇಡಂ. ಅವ್ರ ಹೆಸರಲೆ ಮಾತ್ರ ಕಟ್ಟಬ್ಯಾಡ್ರಿ" ಎಂದರು ಬಾಜೂ ಹೊಲದವರು.

ಯಾರ ಹೆಸರಲ್ಲೂ ಅಲ್ಲದೆ ಕಟ್ಟಿ ಬಂದೆ. ಆಮೇಲೆ ಶುರುವಾಯಿತು ನೋಡಿ ಕಾವಲು! ಅವನು ಬಿಚ್ಚಿಯಾನು ಎಂದು ಇವರು, ಇವರು ಬಿಚ್ಚಿಯಾರು ಎಂದು ಅವರು. ಹತ್ತಿರ ಬಂದ ಕುರಿಗಳನ್ನು ಇಬ್ಬರೂ ಸೇರಿ ಓಡಿಸಿದರಂತೆ. ಇಂಥ ವಾಚ್‌ಮನ್ ಯಾವ ಬ್ಯಾಂಕಿಗೆ ಇದ್ದಾನೆ ಹೇಳಿ?

ಚೀಲ ತುಂಬಿದವು. ಬೀಜ ಬ್ಯಾಂಕು ಸೇರಿತು. ಖುಷಿಯೇ. ಆದರೂ ಒಳಗೊಂದು ಚಡಪಡಿಕೆ. ಇದು ಭಾಲ್ಕಿಯ ಬೀಜ. ನಮ್ಮ ಠಾಣಾ ಕುಶನೂರಿನ ಬದುವಿನದು ಹೋದದ್ದು ಹೋಯಿತು. ಎಷ್ಟೋ ಮಳೆ, ಎಷ್ಟೋ ಬಿಸಿಲು ಕಂಡು ಆ ಮಣ್ಣಿಗೆ ಒಗ್ಗಿದ ಜೀವ ಅದು. ತಣ್ಣನೆ ಕೋಣೆಯಲ್ಲಿ ಬೀಜವನ್ನು ಇಡಬಹುದು. ಬದುವನ್ನು ಎಲ್ಲಿ ಇಡುವುದು? ಎಳ್ಳಮಾಸಿಯ ಆ ಕೂಗನ್ನು?

ಮೊನ್ನೆ ಬೀದರ್‌ನಲ್ಲಿ ಬ್ಯಾಂಕಿನ ಅಧಿಕಾರಿ ಸರ್ಟಿಫಿಕೇಟ್ ಕೊಟ್ಟರು. ಬೀಜ ಕೊಟ್ಟವರ ಜಾಗದಲ್ಲಿ ಮೆಹಕರದ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ. ಸಂಗ್ರಹಿಸಿದವರು ಎಂಬಲ್ಲಿ ನನ್ನದು, ಡಿಗ್ರಿ ಸಮೇತ. ಅದನ್ನು ಜೊತೆಗೆ ಬಂದಿದ್ದ ಕಾಕಾನ ಕೈಗಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ ನನಗೇ ಕೊಟ್ಟರು. ಆಮೇಲೆ ಅಧಿಕಾರಿಯ ಹತ್ತಿರ ಹೋಗಿ, ಮೆಲ್ಲಗೆ:

"ಸಾಹೇಬ್ರ, ಅದ್ರಾಗಿಂದು ನಾಕ್ ಬೀಜ ನಮಗ ವಾಪಸ್ ಕೊಡ್ತೀರೇನ್ರಿ? ನಮ್ಮ ಬದುವಿಗಿ ಬೇಕಾಗ್ಯಾವ."

"ಯಾವ ಕಡಿ ಹಾಕ್ತಿ ಕಾಕಾ?" ಎಂದೆ.

"ಅಣ್ಣನ ಕಡಿ. ಬಂದು ಕಿತ್ತಿ ಒಗೀಲಿ, ನೋಡ್ತೇನಿ."