ಶಿವಲಿಂಗಮ್ಮನ ಸುಣ್ಣದ ಗೆರೆ

ಕನಕಪುರದ ಸೀಮೆಯಲ್ಲಿ ರೇಷ್ಮೆ ಹುಳ ಸಾಕುವವರಿಗೇನೂ ಬರವಿಲ್ಲ. ಆದರೆ ನಮ್ಮೂರ ಶಿವಲಿಂಗಮ್ಮನ ಹುಳುಮನೆಗೆ ಕಾಲು ತೊಳೆಯದೆ ನುಗ್ಗಿದ ಗಂಡು ಇನ್ನೂ ಹುಟ್ಟಿಲ್ಲ. ಬಾಗಿಲಿಗೆ ಅಡ್ಡಲಾಗಿ ಸುಣ್ಣಕ್ಕೆ ಬ್ಲೀಚಿಂಗ್ ಪುಡಿ ಬೆರೆಸಿ ಎಳೆದ ಬಿಳಿ ಗೆರೆ, ಪಕ್ಕದಲ್ಲಿ ನೀರಿನ ತೊಟ್ಟಿ. ಹೊರಗಿನ ರೋಗ ಕಾಲಿಗೆ ಅಂಟಿಕೊಂಡು ಬಂದರೆ ತಿಂಗಳ ಬೆಳೆ ಎರಡೇ ದಿನಕ್ಕೆ ಕರಗುತ್ತದೆ ಎಂಬುದು ಆಕೆಯ ನಲವತ್ತು ವರ್ಷದ ಓದು. ಒಮ್ಮೆ ಸ್ವಂತ ತಮ್ಮನೇ ಮಗಳ ಮದುವೆಗೆ ಕರೆಯಲು ಬಂದು, ಶೂ ಬಿಚ್ಚಲು ಬೇಸರಪಟ್ಟ. ಲಗ್ನಪತ್ರಿಕೆಯನ್ನು ಮೊರದಲ್ಲಿ ಹಾಕಿಸಿಕೊಂಡು ಅವನನ್ನು ಹಾಗೇ ಕಳಿಸಿದಳು.

ಇಂಥವಳ ಸೊಸೆ ಸೌಮ್ಯ, ಮೊಬೈಲಿನಲ್ಲಿ ಆಡುವ ಯುದ್ಧದಾಟವೊಂದನ್ನು ತಯಾರಿಸುತ್ತಿದ್ದಾಳೆ. ಜೊತೆಗೆ ಚನ್ನಪಟ್ಟಣದ ಫರ್ಹಾನ್, ಕಾಲೇಜಿನಲ್ಲಿ ಅವಳ ಸಹಪಾಠಿ. ಆಟದಲ್ಲಿ ಕೋಟೆ, ರಾಜ, ಮಂತ್ರವಾದಿ, ಬಗೆಬಗೆಯ ರಾಕ್ಷಸ ಪ್ರಾಣಿ. ಆಡುವ ಇಬ್ಬರೂ ಸರದಿಯಂತೆ ದಂಡು ನಡೆಸಬೇಕು. ಎದುರಾಳಿಯ ಕೋಟೆಯ ಬಾವುಟ ಕಿತ್ತವರು ಗೆದ್ದಂತೆ. ದಂಡಿಗೆ ಕೊಡಲು ಮಾಯದ ವಸ್ತುಗಳಿದ್ದವು. ಕತ್ತಿಗಳೇ ಅರವತ್ತು.

ಒಂದು ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕಿ ಬಂದ ಶಿವಲಿಂಗಮ್ಮ ಸೊಸೆಯ ಪಕ್ಕ ಕೂತು ಆ ಕತ್ತಿಗಳನ್ನು ನೋಡಿದಳು.

“ಇದಕ್ಯಾಕವ್ವ ಒಂಬತ್ತು ಮುಳ್ಳು?”

“ನೋಡಕ್ಕೆ ಚೆಂದಾಗಿರ್ಲಿ ಅಂತ, ಅತ್ತೆ.”

“ಸೊಂಟಕ್ಕೆ ಸಿಗಿಸ್ಕೊಂಡು ಕೂತ್ರೆ ಮೊದ್ಲು ಸಾಯೋನು ಇವ್ನೇ. ಈ ನೀಲಿದು ಏನ್ ಮಾಡ್ತದೆ?”

“ಐದು ಏಟು ಹೆಚ್ಚು ಹೊಡಿತದೆ.”

“ಕೆಂಪುದು?”

“ಆರು.”

“ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ನಿಮ್ ಕಾಲೇಜಲ್ಲಿ ಹೇಳ್ಕೊಡ್ಲಿಲ್ವಾ?”

ಸೌಮ್ಯಳ ಮುಖ ಸಣ್ಣದಾಯಿತು. “ಹಂಗಾದ್ರೆ ಆ ಮುತ್ತು ಯಾವುದು ಅಂತ ನೀವೇ ಹೇಳಿ.”

“ಕೋಟೆ ಬಾಗ್ಲಿಗೆ ಒಂದು ಸುಣ್ಣದ ಗೆರೆ ಎಳಿ. ಕಾಲು ತೊಳಿದೆ ಯಾರೂ ದಾಟಂಗಿಲ್ಲ.”

ಸೌಮ್ಯ ಎಳೆದಳು. ಆಡಿ ನೋಡಿದಾಗ ಶತ್ರುಗಳು ಗೆರೆಯಾಚೆಗೇ ನಿಂತರು. ಆದರೆ ಯುದ್ಧ ಗೆದ್ದು ಬಂದ ಸ್ವಂತ ದಂಡೂ ಅಲ್ಲೇ ನಿಂತಿತು. ರಾಜ ಕಿರೀಟ ಹೊತ್ತುಕೊಂಡು, ಮಾಗಡಿಯ ಕೊನೇ ಬಸ್ಸು ತಪ್ಪಿಸಿಕೊಂಡವನಂತೆ ತನ್ನ ಕೋಟೆಯ ಮುಂದೆ ತಾನೇ ನಿಂತಿದ್ದ.

ಫರ್ಹಾನ್ ಫೋನಿನಲ್ಲಿ ನಕ್ಕೂ ನಕ್ಕೂ ಸುಸ್ತಾದ. “ಅಮ್ಮ, ನಮ್ಮ ಕಡೆಯವ್ರಿಗೆ ಮಾತ್ರ ರಿಯಾಯ್ತಿ ಕೊಟ್ಬಿಡೋಣ.”

“ನಮ್ಮ ಕಡೆಯೋರ ಕಾಲಿಗೆ ರೋಗ ಅಂಟಲ್ವೇನಪ್ಪ? ಹೊರಗಡೆ ಒಂದು ತೊಟ್ಟಿ ಮಡಗು. ಒಂದು ಜೊತೆ ಕಾಲು ತೊಳಿಯಕ್ಕೆ ಒಂದು ಸರದಿ.”

“ಶತ್ರು ತೊಳ್ಕೊಂಡ್ರೆ?”

“ಬರ್ಲಿ. ತೊಳೆದೋರನ್ನ ಯಾವ ಬಾಯಲ್ಲಿ ತಡೆಯೋದು?”

ಇದರಿಂದ ಆಟ ಕೆಡುತ್ತದೆ ಎಂದ ಫರ್ಹಾನ್. ಭಾನುವಾರ ಶಿವಲಿಂಗಮ್ಮನೂ ಅವನೂ ಒಂದಾಟ ಆಡುವುದು, ಆಕೆ ಸೋತರೆ ಗೆರೆಯನ್ನು ಆಟದಿಂದ ತೆಗೆಯುವುದು ಎಂದು ತೀರ್ಮಾನವಾಯಿತು. ಅಂದಿನಿಂದ ಆಕೆಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ತಮ್ಮನಿಗೂ ಬಿಟ್ಟುಕೊಡದ ಗೆರೆ. ಮೊಬೈಲಿನಲ್ಲಿ ಅಳಿಸಿದರೂ ಅಳಿಸಿದಂತೆಯೇ.

ಭಾನುವಾರ ಫರ್ಹಾನ್ ಬಂದು ಜಗಲಿಯ ಮೇಲೆ ಕೂತ. ದಂಡಿನ ಬದಲಿಗೆ ಆಟದಲ್ಲೇ ದೊಡ್ಡ ಪ್ರಾಣಿಯೊಂದನ್ನೇ ಹೊರಡಿಸಿದ: ನೂರು ಕಾಲಿನ ಜರಿ. ಅದರ ಒಂದೊಂದು ಕಾಲನ್ನೂ ಮೂರು ವಾರ ಕೂತು ಅವನೇ ಬರೆದಿದ್ದ. ದಾರಿಯಲ್ಲಿ ಎದುರಾದದ್ದನ್ನೆಲ್ಲ ತುಳಿಯುತ್ತಾ ಅದು ಬಂತು. ಶಿವಲಿಂಗಮ್ಮ ತನ್ನ ಕಾಲಾಳುಗಳನ್ನೆಲ್ಲ ಹಿಂಬಾಗಿಲಿನಿಂದ ಹೊರಗೆ ಕಳಿಸಿಬಿಟ್ಟಳು.

“ಅತ್ತೆ, ಕೋಟೆ ಖಾಲಿ ಆಯ್ತು.”

“ಗೆರೆ ಐತಲ್ಲ, ಸುಮ್ಕಿರು.”

ಜರಿ ಬಾಗಿಲಿಗೆ ಬಂತು. ತೊಟ್ಟಿಗೆ ಎರಡು ಕಾಲು ಇಳಿಸಿತು. ಮುಂದಿನ ಸರದಿಗೆ ಇನ್ನೆರಡು. ಆಮೇಲೆ ಇನ್ನೆರಡು. ಫರ್ಹಾನನ ಬೆರಳು ನಿಂತಿತು.

“ಸೌಮ್ಯ, ಇದು ಎಷ್ಟೊತ್ತು ತೊಳಿತದೆ?”

“ಐವತ್ತು ಸರದಿ.”

“ವಾಪಸ್ ಕರೀತೀನಿ.”

“ಆಗಲ್ಲ. ತೊಟ್ಟಿಗೆ ಇಳಿದ್ಮೇಲೆ ಪೂರ್ತಿ ತೊಳ್ಕೊಂಡೇ ಏಳ್ಬೇಕು. ಮೊದ್ಲೇ ಹೇಳಿದ್ದೆ.”

“ಅಮ್ಮ, ಮುಂದಿನ ಹತ್ತು ಕಾಲು ತೊಳೆದ್ರೆ ಸಾಲದಾ? ಹಿಂದಿನವು ಅಷ್ಟೇನೂ ಗಲೀಜಾಗಿರಲ್ಲ.”

“ನನ್ ತಮ್ಮನೂ ಹಿಂಗೇ ಅಂದಿದ್ದ ಕಣಪ್ಪ.”

ಕುದುರೆ ಕಂಡರೆ ಕಾಲುನೋವು ಎನ್ನುತ್ತಾರೆ. ಶಿವಲಿಂಗಮ್ಮನ ಕಾಲಾಳುಗಳು ಕುದುರೆಯನ್ನೇ ಕಂಡವರಲ್ಲ. ಸಂತೆಗೆ ಹೊರಟವರಂತೆ ನಡೆದು, ಅವನ ತೊಟ್ಟಿಯಲ್ಲಿ ತಲಾ ಒಂದು ಸರದಿಗೆ ಕಾಲು ತೊಳೆದು ಕೋಟೆ ಸೇರಿದರು. ಜರಿ ತೊಳೆಯಲು ಶುರುಮಾಡಿದ ಹತ್ತೊಂಬತ್ತನೇ ಸರದಿಗೆ ಬಾವುಟ ಕೆಳಗೆ ಬಿತ್ತು. ಅದು ಆಗಿನ್ನೂ ಮೂವತ್ತೆಂಟನೇ ಕಾಲು ತಿಕ್ಕುತ್ತಿತ್ತು.

ಗೆರೆ ಆಟದಲ್ಲಿ ಉಳಿಯಿತು. ಅರವತ್ತು ಕತ್ತಿಗಳಲ್ಲಿ ಐವತ್ತೆರಡನ್ನು ಸೌಮ್ಯ ಅಂದೇ ತೆಗೆದುಹಾಕಿದಳು. ಶಿವಲಿಂಗಮ್ಮ ಎರಡು ಮುದ್ದೆ ಉಂಡಳು.

ಊಟವಾದ ಮೇಲೆ ಫರ್ಹಾನ್ ಹುಳ ನೋಡಬೇಕೆಂದ. ಹುಳುಮನೆಯ ಬಾಗಿಲಿಗೆ ಹೋದವನು, ಯಾರೂ ಹೇಳದೆಯೇ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

“ಎರಡೇ ಅಲ್ವಾ, ಬೇಗ ಆಯ್ತದೆ,” ಎಂದು ಶಿವಲಿಂಗಮ್ಮ ಅವನ ಕೈಗೆ ಚೊಂಬು ಕೊಟ್ಟಳು.